ಗೊತ್ತಾದ ಮೇಲಿನ ಪಾಲು

2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ವೇಲಚೇರಿಯ ನಮ್ಮ ಮನೆಯೊಳಗೆ ಮೊಣಕಾಲುದ್ದ ನೀರು ನಿಂತಿತ್ತು. 2015ರ ನೆರೆಯನ್ನು ಕಂಡ ಮೇಲೂ ನಾವು ನೆಲಮಹಡಿಯಲ್ಲೇ ಇದ್ದೇವೆ. ಅಮ್ಮನ ಮಂಡಿನೋವಿಗೆ ಮೆಟ್ಟಿಲು ಆಗಿಬರುವುದಿಲ್ಲ. ಮಳೆ ಜೋರಾಗುತ್ತಿದ್ದಂತೆ ಲ್ಯಾಪ್‌ಟಾಪು, ಸರ್ಟಿಫಿಕೇಟುಗಳ ಫೈಲು, ಅಮ್ಮನ ಮಾತ್ರೆ ಡಬ್ಬಿ ಎಲ್ಲವನ್ನೂ ಅಟ್ಟಕ್ಕೆ ಸೇರಿಸಿದೆವು. ಬೀರುವಿನ ಕೆಳಗಿನ ಖಾನೆಯಲ್ಲಿದ್ದ ಒಂದು ಹಳೆಯ ತಗಡಿನ ಡಬ್ಬಿ ಮಾತ್ರ ಯಾರ ನೆನಪಿಗೂ ಬರಲಿಲ್ಲ.

ಮೂರು ದಿನ ಕಳೆದು ನೀರು ಇಳಿದ ಮೇಲೆ ಡಬ್ಬಿ ತೆರೆದೆ. ಒಳಗಿದ್ದ ಮುತ್ತಿನ ಸರದ ರೇಷ್ಮೆ ದಾರ ಕೊಳೆತು ಹೋಗಿತ್ತು. ಎತ್ತಿದ ಕೂಡಲೇ ಮುತ್ತುಗಳೆಲ್ಲ ಕೆಸರು ಮೆತ್ತಿದ ನೆಲದ ಮೇಲೆ ಉರುಳಿದವು. ನಾನು, ಹೆಂಡತಿ, ಮಗಳು ಮೂವರೂ ಟಾರ್ಚ್ ಹಿಡಿದು ಮಂಚದ ಕೆಳಗೆಲ್ಲ ಹುಡುಕಿ ಆರಿಸಿದೆವು. ಒಟ್ಟು ಎಂಬತ್ತೇಳು ಮುತ್ತು, ಜೊತೆಗೆ ಪದಕದ ಜಾಗದಲ್ಲಿ ತೂಗುತ್ತಿದ್ದ ಒಂದು ಮಣಿ. ಎಲ್ಲಾ ಸಿಕ್ಕಿತಾ ಎಂದು ಅಮ್ಮ ಕೇಳಿದರು. ಎಷ್ಟಿದ್ದವು ಎಂದು ಮೊದಲೇ ಎಣಿಸಿದವರು ಯಾರೂ ಇರಲಿಲ್ಲ. ಆದ್ದರಿಂದ ಎಲ್ಲಾ ಸಿಕ್ಕಿತು ಎಂದೆ.

ಈ ಸರ ನನ್ನ ಪಾಲಿಗೆ ಬಂದ ಬಗೆಯನ್ನು ಮೊದಲು ಹೇಳಬೇಕು. ಅಪ್ಪ ತೀರಿಕೊಂಡ ಮರುವರ್ಷ, 2019ರಲ್ಲಿ, ಶಿವಮೊಗ್ಗದ ಮನೆ ಮಾರಿ ಅಮ್ಮ ನನ್ನ ಜೊತೆ ಚೆನ್ನೈಗೆ ಬಂದರು. ಹೊರಡುವ ಮುಂಚೆ ತಮ್ಮ ಒಡವೆಗಳನ್ನು ನನಗೂ ಅಕ್ಕನಿಗೂ ಹಂಚಿದರು. ಅಕ್ಕನಿಗೆ ಅವಲಕ್ಕಿ ಸರ, ನಾಲ್ಕು ಬಳೆ, ಸೇರಿ ತೊಂಬತ್ತು ಗ್ರಾಂ. ನನಗೆ ಎಂಬತ್ತು ಗ್ರಾಂನ ಕಾಸಿನ ಸರ. ಹತ್ತು ಗ್ರಾಂ ವ್ಯತ್ಯಾಸ ಉಳಿಯಿತು. ಅದಕ್ಕೆ ಈ ಮುತ್ತಿನ ಸರವನ್ನು ಸೇರಿಸಿ ಸರಿಮಾಡಿದರು. ಆಗಿನ ದರದಲ್ಲಿ ಹತ್ತು ಗ್ರಾಂ ಅಂದರೆ ಸುಮಾರು ಮೂವತ್ತೈದು ಸಾವಿರ ರೂಪಾಯಿ. ಬಣ್ಣ ಹಳದಿಗೆ ತಿರುಗಿದ ಆ ಸರಕ್ಕೆ ಅಷ್ಟು ಬೆಲೆ ಕಟ್ಟಿದ್ದೇ ಹೆಚ್ಚು ಎಂದು ನನ್ನ ಹೆಂಡತಿಗೆ ಒಳಗೊಳಗೇ ಅನ್ನಿಸಿತ್ತಂತೆ. ನನಗೂ ಅನ್ನಿಸಿತ್ತು. ಅಕ್ಕನ ಮುಂದೆ ಹತ್ತು ಗ್ರಾಂಗೆ ಚೌಕಾಸಿ ಮಾಡುವುದು ನಾಚಿಕೆಯ ವಿಷಯ ಎಂದು ಇಬ್ಬರೂ ಸುಮ್ಮನಿದ್ದೆವು.

ಮತ್ತೆ ಪೋಣಿಸಲೆಂದು ಸರವನ್ನು ಟಿ. ನಗರದ ಒಂದು ದೊಡ್ಡ ಅಂಗಡಿಗೆ ಒಯ್ದೆ. ಕೌಂಟರಿನ ಹುಡುಗ ಒಂದು ಮುತ್ತನ್ನು ಹಲ್ಲಿಗೆ ಉಜ್ಜಿ, ಮುತ್ತೇನೋ ಹೌದು ಸಾರ್, ಆದರೆ ಹಳೆಯದು, ಆರು ಸಾವಿರ ಕೊಡುತ್ತೇವೆ, ಹೊಸ ಸೆಟ್ ತೆಗೆದುಕೊಳ್ಳಿ ಎಂದ. ಪೋಣಿಸಿ ಕೊಟ್ಟರೆ ಸಾಕು ಎಂದೆ. ನಾವು ಹಳೇ ಮಾಲು ಪೋಣಿಸುವುದಿಲ್ಲ, ಸೌಕಾರ್‌ಪೇಟೆಗೆ ಹೋಗಿ ಎಂದ.

ಸೌಕಾರ್‌ಪೇಟೆಯ ಗಲ್ಲಿಯೊಂದರಲ್ಲಿ ಒಬ್ಬರು ಹಿರಿಯರು ನೆಲದ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಮುತ್ತು ಪೋಣಿಸುತ್ತಾರೆ. ನನ್ನ ಪೊಟ್ಟಣವನ್ನು ಬಟ್ಟೆಯ ಮೇಲೆ ಸುರಿದು, ಮಾತಿಲ್ಲದೆ ಒಂದೊಂದನ್ನೇ ಬೆರಳಲ್ಲಿ ತಿರುಗಿಸಿ ನೋಡಿದರು. ದೊಡ್ಡ ಒಂಬತ್ತನ್ನು ಒಂದು ಕಡೆ ಇಟ್ಟರು. ಚಿಕ್ಕವನ್ನು ಇನ್ನೊಂದು ಕಡೆ. ಮಣಿಯನ್ನು ಮೂರನೇ ಕಡೆ. ಆಮೇಲೆ ತಮಿಳಿನಲ್ಲಿ, ಇವು ಮೂರು ಬೇರೆ ಬೇರೆ ಜಾತಿ, ಎಕ್ಸ್‌ರೇ ಮಾಡಿಸದೆ ಯಾರಿಗೂ ಕೊಡಬೇಡ, ನಾನೂ ಈಗ ಪೋಣಿಸುವುದಿಲ್ಲ ಎಂದರು. ಅಷ್ಟು ನೋಡಿದ್ದಕ್ಕೆ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಮುತ್ತನ್ನು ಹಲ್ಲಿಗೆ ಉಜ್ಜಿದರೆ ತರಿತರಿಯಾಗಿ ಸಿಗಬೇಕು ಎಂದು ನೀವೂ ಕೇಳಿರುತ್ತೀರಿ. ಗಾಜಿನ, ಪ್ಲಾಸ್ಟಿಕ್ಕಿನ ನಕಲಿ ಮುತ್ತು ನುಣ್ಣಗೆ ಜಾರುತ್ತದೆ. ಆ ಪರೀಕ್ಷೆ ಅಲ್ಲಿಗೇ ನಿಲ್ಲುತ್ತದೆ. ಸಮುದ್ರದಲ್ಲಿ ತಾನಾಗಿ ಬೆಳೆದ ಮುತ್ತೋ, ಮನುಷ್ಯ ಚಿಪ್ಪಿನೊಳಗೆ ಗುಂಡು ಇಟ್ಟು ಬೆಳೆಸಿದ ಕಲ್ಚರ್ಡ್ ಮುತ್ತೋ ಎಂಬುದನ್ನು ಹಲ್ಲು ಹೇಳಲಾರದು. ಎರಡರ ಹೊರಪದರವೂ ಒಂದೇ ಪ್ರಾಣಿ ಒಂದೇ ರೀತಿ ಕಟ್ಟಿದ್ದು. ವ್ಯತ್ಯಾಸ ಒಳಗಿದೆ. ಕಲ್ಚರ್ಡ್ ಮುತ್ತಿನೊಳಗೆ ಸಾಮಾನ್ಯವಾಗಿ ಸಿಹಿನೀರಿನ ಕಪ್ಪೆಚಿಪ್ಪಿನಿಂದ ಕಡೆದ ಗುಂಡು ಇರುತ್ತದೆ, ಅದರ ಮೇಲೆ ತೆಳುವಾದ ಮುತ್ತಿನ ಪದರ. ಭೂತಗನ್ನಡಿ ಹಿಡಿದು ರಂಧ್ರದೊಳಗೆ ನೋಡಿದರೆ ಗುಂಡೂ ಪದರವೂ ಸೇರುವಲ್ಲಿ ಕಂದು ಗೆರೆ ಕಾಣಬಹುದು. ಬಲವಾದ ಬೆಳಕಿನ ಮುಂದೆ ತಿರುಗಿಸಿದರೆ ಕೆಲವೊಮ್ಮೆ ಗುಂಡಿನ ಪಟ್ಟೆಗಳು ತೋರುತ್ತವೆ. ಖಚಿತವಾಗಿ ಹೇಳುವುದು ಎಕ್ಸ್‌ರೇ. ನೈಸರ್ಗಿಕ ಮುತ್ತು ಅದರಲ್ಲಿ ಅಡ್ಡ ಕತ್ತರಿಸಿದ ಈರುಳ್ಳಿಯಂತೆ, ಸುತ್ತಿನೊಳಗೆ ಸುತ್ತಾಗಿ ಕಾಣುತ್ತದೆ.

ಆಫೀಸಿನ ಕೆಲಸಕ್ಕೆ ಮುಂಬೈಗೆ ಹೋದಾಗ ಅಲ್ಲಿನ ಒಂದು ಪ್ರಯೋಗಾಲಯಕ್ಕೆ ಕೊಟ್ಟು ಬಂದೆ. ಕೆಲವು ವಾರಗಳಲ್ಲಿ ವರದಿ ಬಂತು. ಚಿಕ್ಕ ಎಪ್ಪತ್ತೆಂಟು ಮುತ್ತು ನೈಸರ್ಗಿಕ, ಉಪ್ಪುನೀರಿನವು. ನಡುವಿನ ದೊಡ್ಡ ಒಂಬತ್ತು ಕಲ್ಚರ್ಡ್. ಮಣಿ ಕೂಡ ಮುತ್ತೇ. ನೈಸರ್ಗಿಕ. ಹೊಳೆಯುವ ಪದರವಿಲ್ಲದ, ಶಂಖದ ಜಾತಿಯ ಪ್ರಾಣಿಯಲ್ಲಿ ಬೆಳೆದದ್ದು.

ಮೊದಲು ಮಣಿಯ ವಿಷಯ ಹೇಳುತ್ತೇನೆ. ನಮ್ಮ ಮನೆಯಲ್ಲಿ ಅದನ್ನು ಮುತ್ತು ಎಂದು ಯಾರೂ ಕರೆದಿರಲಿಲ್ಲ, ರಾಮೇಶ್ವರದ ಮಣಿ ಎನ್ನುತ್ತಿದ್ದರು. ಅಮ್ಮನ ಅಜ್ಜಿ ಯಾತ್ರೆಗೆ ಹೋದಾಗ ತಂದದ್ದು. ಹಾಲಿಗೆ ಒಂದು ಚಿಟಿಕೆ ಕುಂಕುಮ ಬಿದ್ದಂಥ ಬಣ್ಣ, ಪಿಂಗಾಣಿಯಂಥ ಮೈ, ಮೊಟ್ಟೆಯಾಕಾರ. ಮುತ್ತಿನ ಹೊಳಪು ಇಲ್ಲದ್ದರಿಂದ ಕಲ್ಲು ಎಂದೇ ನಾವು ತಿಳಿದಿದ್ದೆವು. ನಾವು ಪೂಜೆಗೆ ಇಡುವ ಶಂಖದೊಳಗಿನ ಪ್ರಾಣಿಯೂ ಬಹಳ ಅಪರೂಪಕ್ಕೆ ಮುತ್ತು ಕಟ್ಟುತ್ತದೆ. ಆ ಶಂಖ ಹೆಚ್ಚಾಗಿ ಸಿಗುವುದು ರಾಮೇಶ್ವರ, ತೂತ್ತುಕುಡಿಗಳ ಮುಂದಿನ ಮನ್ನಾರ್ ಕೊಲ್ಲಿಯಲ್ಲಿ. ಆರನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಮುತ್ತು ಹುಟ್ಟುವ ಎಂಟು ಮೂಲಗಳನ್ನು ಹೇಳುತ್ತಾನೆ: ಆನೆ, ಹಾವು, ಚಿಪ್ಪು, ಶಂಖ, ಮೋಡ, ಬಿದಿರು, ತಿಮಿ ಎಂಬ ಮಹಾಮೀನು, ಹಂದಿ. ಓದಿ ನಗಬಹುದು. ಆದರೆ ಎಂಟರಲ್ಲಿ ಶಂಖವೂ ಒಂದು ಎಂಬುದನ್ನು ಅವನು ಸರಿಯಾಗಿಯೇ ಬರೆದಿದ್ದ. ನಾನು ಎಂಟೆಕ್ ಮಾಡಿದವನು, ಆ ಮಣಿಯನ್ನು ನಲವತ್ತು ವರ್ಷ ನೋಡಿಯೂ ಕಲ್ಲು ಅಂದುಕೊಂಡಿದ್ದೆ.

ಪ್ರಯೋಗಾಲಯ ಇದು ಏನು ಎಂದು ಹೇಳುತ್ತದೆ, ಇದಕ್ಕೆ ಎಷ್ಟು ಎಂದು ಹೇಳುವುದಿಲ್ಲ. ಬೆಲೆಗಾಗಿ ಮೂರು ಜನ ವ್ಯಾಪಾರಿಗಳನ್ನು ಕೇಳಿದೆ. ಒಬ್ಬರು ಒಂದೂವರೆ ಲಕ್ಷ ಎಂದರು, ಒಬ್ಬರು ನಾಲ್ಕು, ಒಬ್ಬರು ಸರಿಯಾದ ಗಿರಾಕಿ ಸಿಕ್ಕರೆ ಒಂಬತ್ತು. ಪ್ರಾಜೆಕ್ಟ್ ಮ್ಯಾನೇಜರ್ ಬುದ್ಧಿ ಎಲ್ಲಿಗೆ ಹೋಗುತ್ತದೆ? ನಾವು ದಿನವೂ ಮಾಡುವ ಮೂರು ಅಂದಾಜಿನ ಲೆಕ್ಕವನ್ನೇ ಹಾಕಿದೆ. ನಡುವಿನದನ್ನು ನಾಲ್ಕರಿಂದ ಗುಣಿಸಿ, ಎರಡು ತುದಿಗಳನ್ನು ಕೂಡಿಸಿ, ಆರರಿಂದ ಭಾಗಿಸು. ಸುಮಾರು ನಾಲ್ಕು ಲಕ್ಷ ನಲವತ್ತು ಸಾವಿರ. ಮಣಿಗೆ ಮಾತ್ರ ಮೂವರೂ ಬೆಲೆ ಹೇಳಲಿಲ್ಲ. ಇಂಥದ್ದಕ್ಕೆ ಬಜಾರಿನಲ್ಲಿ ದರ ಎಂಬುದೇ ಇಲ್ಲ, ಬೇಕು ಅನ್ನುವವನು ಕೊಟ್ಟಿದ್ದೇ ಬೆಲೆ ಎಂದರು.

ಮುತ್ತಿನ ಬೆಲೆ ಕಟ್ಟುವ ಹಳೆಯ ಕ್ರಮವನ್ನು ಅವರಲ್ಲೊಬ್ಬರು ವಿವರಿಸಿದರು. ಗುಣ ಒಂದೇ ಇದ್ದರೆ ನೈಸರ್ಗಿಕ ಮುತ್ತಿನ ಬೆಲೆ ತೂಕದ ಜೊತೆ ಏರುವುದಿಲ್ಲ, ತೂಕದ ವರ್ಗದ ಜೊತೆ ಏರುತ್ತದೆ. ಮುತ್ತಿನ ತೂಕವನ್ನು ಗ್ರೇನ್ ಎಂಬ ಮಾನದಲ್ಲಿ ಅಳೆಯುತ್ತಾರೆ, ಒಂದು ಗ್ರೇನ್ ಅಂದರೆ 50 ಮಿಲಿಗ್ರಾಂ. ನಮ್ಮ ಚಿಕ್ಕ ಮುತ್ತುಗಳು ಎರಡೆರಡು ಗ್ರೇನ್ ತೂಗುತ್ತವೆ. ಪ್ರತಿಯೊಂದಕ್ಕೂ ಎರಡರ ವರ್ಗ, ಅಂದರೆ ನಾಲ್ಕು. ಎಪ್ಪತ್ತೆಂಟಕ್ಕೆ 312. ನಡುವಿನ ಒಂಬತ್ತರ ಗಾತ್ರಕ್ಕೆ ಸುಮಾರು ಆರಾರು ಗ್ರೇನ್. ಅವು ನೈಸರ್ಗಿಕವಾಗಿದ್ದಿದ್ದರೆ ಪ್ರತಿಯೊಂದಕ್ಕೂ ಮೂವತ್ತಾರು, ಒಂಬತ್ತಕ್ಕೆ 324. ತೂಕದಲ್ಲಿ ಕಾಲುಭಾಗವಿದ್ದ ಒಂಬತ್ತು ಮುತ್ತು ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು. ಯಾರೋ ಎಂದೋ ಆ ಅರ್ಧವನ್ನೇ ತೆಗೆದು ಬೇರೆ ಸೇರಿಸಿದ್ದರು. ಅದು ಆ ಹೊತ್ತಿಗೆ ನನಗೆ ದೊಡ್ಡ ವಿಷಯವಾಗಿ ಕಾಣಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಉಳಿದರ್ಧ.

ಹತ್ತು ಗ್ರಾಂ ಚಿನ್ನಕ್ಕೆ ಸಮ ಎಂದು ತೆಗೆದುಕೊಂಡ ಸರ ನಾಲ್ಕೂ ಚಿಲ್ಲರೆ ಲಕ್ಷದ್ದು. ಇದನ್ನು ಅಕ್ಕನಿಗೆ ಹೇಳಬೇಕೇ?

ಹೇಳಬೇಕು ಎಂದು ತಕ್ಷಣ ಅನ್ನಿಸಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಸುಮಾರು ಎರಡು ತಿಂಗಳು ಹೇಳಲಿಲ್ಲ. ಹೇಳದೆ ಇರಲು ಕಾರಣಗಳು ಬಹಳ ಸುಲಭವಾಗಿ ಸಿಗುತ್ತವೆ, ಅದರಲ್ಲೂ ಓದಿದವನಿಗೆ. ಪಾಲು ಎಲ್ಲರ ಒಪ್ಪಿಗೆಯಿಂದ ಆಗಿತ್ತು. ನಾನು ಏನನ್ನೂ ಮುಚ್ಚಿಡಲಿಲ್ಲ, ನನಗೂ ಗೊತ್ತಿರಲಿಲ್ಲ. ಪರೀಕ್ಷೆಗೆ ಓಡಾಡಿದವನು ನಾನು, ಖರ್ಚು ನನ್ನದು. ಇನ್ನೊಂದು ವಾದ ಗಟ್ಟಿಯಾಗಿ ಕಂಡಿತು. 2019ರಲ್ಲಿ ಗ್ರಾಂಗೆ ಮೂರೂವರೆ ಸಾವಿರದ ಆಸುಪಾಸಿನಲ್ಲಿದ್ದ ಚಿನ್ನ 2024ಕ್ಕೆ ಸುಮಾರು ಎರಡು ಪಟ್ಟಾಗಿತ್ತು. ನನಗಿಂತ ಹತ್ತು ಗ್ರಾಂ ಹೆಚ್ಚು ಪಡೆದವಳು ಅಕ್ಕ. ಅವಳ ಚಿನ್ನ ಏರಿದಾಗ ನಾನು ಪಾಲು ಕೇಳಿದೆನೇ? ನನ್ನ ಮುತ್ತು ಏರಿದಾಗ ಅವಳಿಗೇಕೆ?

ಆಫೀಸಿನ ಊಟದ ಹೊತ್ತಿನಲ್ಲಿ, ಯಾರದೋ ಕತೆ ಎಂಬಂತೆ, ಇದನ್ನು ಗೆಳೆಯರ ಮುಂದಿಟ್ಟೆ. ನಾಲ್ವರಲ್ಲಿ ಮೂವರು ಹೇಳಬೇಕಾಗಿಲ್ಲ ಎಂದರು. ಷೇರು ಮಾರಿದ ಮೇಲೆ ಏರಿದರೆ ಕೊಂಡವನು ವಾಪಸ್ ಕೊಡುತ್ತಾನೆಯೇ ಎಂದು ಒಬ್ಬ ಕೇಳಿದ. ನಾಲ್ಕನೆಯವಳು, ನಮ್ಮ ಟೀಮಿನ ಟೆಸ್ಟಿಂಗ್ ಹುಡುಗಿ, ಒಂದು ಪ್ರಶ್ನೆ ಕೇಳಿದಳು. "ಬೆಲೆ ಆಮೇಲೆ ಏರಿತಾ, ಇಲ್ಲಾ ಆವಾಗ್ಲೇ ಇತ್ತಾ?"

ನನ್ನ ಗಟ್ಟಿ ವಾದ ಕಳಚಿಬಿದ್ದದ್ದು ಅಲ್ಲಿ. ಚಿನ್ನದ ದರ ಆಮೇಲೆ ಏರಿತು. ಏರಬಹುದು, ಇಳಿಯಬಹುದು ಎಂಬುದು ಪಾಲಿನ ದಿನ ಇಬ್ಬರಿಗೂ ಗೊತ್ತಿತ್ತು. ಅದು ಅದೃಷ್ಟ. ಮುತ್ತಿನದು ಹಾಗಲ್ಲ. ಆ ದಿನವೇ ಅದು ನೈಸರ್ಗಿಕ ಮುತ್ತಾಗಿತ್ತು. ನಾವು ತಕ್ಕಡಿಯಲ್ಲಿ ಇಟ್ಟದ್ದು ಏನೆಂಬುದೇ ನಮಗೆ ಗೊತ್ತಿರಲಿಲ್ಲ. ಅದೃಷ್ಟವನ್ನು ಅವರವರ ಪಾಲಿಗೆ ಬಿಡಬಹುದು. ಅಜ್ಞಾನವನ್ನು ಬಿಡಬಹುದೇ?

ಇದಕ್ಕೂ ಒಂದು ಮರುವಾದ ಇದೆ, ಅದನ್ನು ಕೆಲವು ದಿನ ಅಪ್ಪಿಕೊಂಡೆ. ಮುತ್ತಿಗೆ ಆಗಲೇ ಬೆಲೆ ಇತ್ತು ಎನ್ನುವುದು ಯಾವ ಅರ್ಥದಲ್ಲಿ? 1917ರಲ್ಲಿ ನ್ಯೂಯಾರ್ಕಿನಲ್ಲಿ ಪಿಯೆರ್ ಕಾರ್ಟಿಯೆ ಎರಡೆಳೆಯ ನೈಸರ್ಗಿಕ ಮುತ್ತಿನ ಹಾರವನ್ನೂ ನೂರು ಡಾಲರನ್ನೂ ಕೊಟ್ಟು ಫಿಫ್ತ್ ಅವೆನ್ಯೂವಿನ ಒಂದು ಬಂಗಲೆಯನ್ನೇ ಪಡೆದ. ಹಾರಕ್ಕೆ ಆಗ ಕಟ್ಟಿದ್ದ ಬೆಲೆ ಹತ್ತು ಲಕ್ಷ ಡಾಲರ್. 1957ರಲ್ಲಿ ಅದೇ ಹಾರ ಹರಾಜಾದಾಗ ಬಂದದ್ದು ಸುಮಾರು ಒಂದೂವರೆ ಲಕ್ಷ. ನಡುವೆ ಜಗತ್ತಿನ ಆರ್ಥಿಕ ಕುಸಿತ ಬಂದಿತ್ತು, ಜಪಾನಿನ ಮಿಕಿಮೊಟೊ ಅವರ ಕಲ್ಚರ್ಡ್ ಮುತ್ತುಗಳು ಅಂಗಡಿಗಳನ್ನು ತುಂಬಿದ್ದವು. ಅರ್ಧ ಶತಮಾನ ಕಳೆದು 2007ರಲ್ಲಿ, ಬರೋಡಾ ರಾಜಮನೆತನದ ಮುತ್ತುಗಳ ಎರಡೆಳೆ ಹಾರ ಎಪ್ಪತ್ತು ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ಮುತ್ತು ಇದ್ದಲ್ಲೇ ಇತ್ತು, ಬೆಲೆ ಇಳಿಯಿತು, ಏರಿತು. ಹಾಗಾದರೆ ಬೆಲೆ ಮುತ್ತಿನಲ್ಲಿಲ್ಲ, ಜನರ ಮಾತಿನಲ್ಲಿದೆ. ಇಲ್ಲದ ಬೆಲೆಯಲ್ಲಿ ಅಕ್ಕನಿಗೇನು ಪಾಲು?

ಹಾಗೆಂದು ಮುತ್ತಿನಲ್ಲಿ ಏನೂ ಇಲ್ಲವೇ ಎಂದರೆ, ಅದರಲ್ಲಿ ಒಂದು ಚರಿತ್ರೆ ಇದೆ. ಚೆನ್ನೈ ಎಗ್ಮೋರಿನಿಂದ ತೂತ್ತುಕುಡಿಗೆ ಹೋಗುವ ರೈಲಿನ ಹೆಸರು ಮುತ್ತುನಗರ ಎಕ್ಸ್‌ಪ್ರೆಸ್. ಪಾಂಡ್ಯರ ಕೊರ್ಕೈನಿಂದ ಹಿಡಿದು ಅಲ್ಲಿನ ಕಡಲಿನಲ್ಲಿ ಜನ ಮುತ್ತಿಗಾಗಿ ಮುಳುಗುತ್ತಿದ್ದರು. ಹದಿಮೂರನೇ ಶತಮಾನದಲ್ಲಿ ಮಾರ್ಕೊ ಪೋಲೊ ಆ ಕಡಲ ಮುತ್ತುಬೇಟೆಯ ಲೆಕ್ಕ ಬರೆದಿಟ್ಟಿದ್ದಾನೆ: ರಾಜನಿಗೆ ಹತ್ತರಲ್ಲೊಂದು ಪಾಲು, ಮುಳುಗುವವರ ಮೇಲೆ ಮೀನು ಎರಗದಂತೆ ಮಂತ್ರ ಹಾಕುವವರಿಗೆ ಇಪ್ಪತ್ತರಲ್ಲೊಂದು. ಸೊಂಟಕ್ಕೆ ಹಗ್ಗ, ಕಾಲಿಗೆ ಕಲ್ಲಿನ ಭಾರ, ಉಸಿರು ಕಟ್ಟಿ ಇಳಿಯುವುದು. ತಂದ ಚಿಪ್ಪುಗಳ ರಾಶಿಯನ್ನು ಕೊಳೆಯಲು ಬಿಟ್ಟು, ತೊಳೆದು, ಸಾವಿರಾರು ಚಿಪ್ಪುಗಳಲ್ಲಿ ಕೆಲವಕ್ಕೆ ಮುತ್ತು. ಅವನ್ನು ಹಿತ್ತಾಳೆಯ ಜರಡಿಗಳಲ್ಲಿ ಜಾಲಿಸಿ ಗಾತ್ರ ವಿಂಗಡಿಸುತ್ತಿದ್ದರು. ಅಲ್ಲಿನ ಕೊನೆಯ ಮುತ್ತುಬೇಟೆ ನಡೆದದ್ದು 1961ರಲ್ಲಿ. 1973ರಲ್ಲಿ ಅದೇ ತೂತ್ತುಕುಡಿಯಲ್ಲಿ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಭಾರತದ ಮೊದಲ ಕಲ್ಚರ್ಡ್ ಮುತ್ತನ್ನು ಬೆಳೆಸಿದರು.

ಹಾಗಾಗಿ ನೈಸರ್ಗಿಕ ಒಳ್ಳೆಯದು, ಕಲ್ಚರ್ಡ್ ಕೆಟ್ಟದ್ದು ಎಂದು ನಾನು ಹೇಳಲಾರೆ. ಒಂದು ನೈಸರ್ಗಿಕ ಮುತ್ತಿಗೆ ಎಷ್ಟು ಚಿಪ್ಪು ಸತ್ತವೋ, ಎಷ್ಟು ಜನ ಉಸಿರು ಕಟ್ಟಿದರೋ. ಕಲ್ಚರ್ಡ್ ಮುತ್ತು ಸುಳ್ಳು ಮುತ್ತೂ ಅಲ್ಲ. ಅದನ್ನು ನೈಸರ್ಗಿಕ ಎಂದು ಹೇಳಿದರೆ ಹೇಳಿದ ಮಾತು ಸುಳ್ಳು. 1921ರಲ್ಲಿ ಲಂಡನ್ನಿನ ಮಾರುಕಟ್ಟೆಗೆ ಮಿಕಿಮೊಟೊ ಮುತ್ತುಗಳು ಬಂದಾಗ ಎದ್ದ ಗಲಾಟೆ ಇಂದಿನ ವ್ಯಾಪಾರದಲ್ಲಿ ಒಂದು ನಿಯಮವಾಗಿ ಉಳಿದಿದೆ. ಬರೀ ಮುತ್ತು ಎಂದರೆ ನೈಸರ್ಗಿಕ, ಬೆಳೆಸಿದ್ದಾದರೆ ಕಲ್ಚರ್ಡ್ ಎಂದು ಹೇಳಿಯೇ ಮಾರಬೇಕು. ಬೆಲೆ ಎಷ್ಟು ಎಂದು ಆ ನಿಯಮ ಹೇಳುವುದಿಲ್ಲ. ಇದು ಏನು ಎಂಬುದು ಕೊಡುವವನಿಗೂ ಕೊಳ್ಳುವವನಿಗೂ ಒಂದೇ ಆಗಿ ಗೊತ್ತಿರಲಿ ಎಂದಷ್ಟೇ ಕೇಳುತ್ತದೆ.

ನನ್ನ ಪ್ರಶ್ನೆಗೂ ಉತ್ತರ ಈ ದಿಕ್ಕಿನಲ್ಲೇ ಇದೆ ಎಂದು ಅನ್ನಿಸತೊಡಗಿತು. ರೋಮಿನ ಸಿಸೆರೊ ಒಂದು ಹಳೆಯ ಉದಾಹರಣೆ ಕೊಡುತ್ತಾನೆ. ರೋಡ್ಸ್ ದ್ವೀಪದಲ್ಲಿ ಬರ. ವ್ಯಾಪಾರಿಯೊಬ್ಬ ಹಡಗಿನ ತುಂಬ ಧಾನ್ಯ ತಂದಿದ್ದಾನೆ. ಹಿಂದೆಯೇ ಇನ್ನೂ ಹಲವು ಹಡಗುಗಳು ಬರುತ್ತಿರುವುದು ಅವನೊಬ್ಬನಿಗೇ ಗೊತ್ತು. ಹೇಳಿದರೆ ಬೆಲೆ ಬೀಳುತ್ತದೆ. ಹೇಳಬೇಕೇ? ಸುಮ್ಮನಿರುವುದು ಮುಚ್ಚಿಟ್ಟಂತಲ್ಲ ಎಂದು ಒಬ್ಬ ತತ್ವಜ್ಞಾನಿ ವಾದಿಸಿದ, ಹೇಳಲೇಬೇಕು ಎಂದು ಇನ್ನೊಬ್ಬ. ಸಿಸೆರೊ ಹೇಳಲೇಬೇಕು ಎಂಬ ಕಡೆ ನಿಂತ.

ಅಷ್ಟು ದೂರ ಹೋಗುವುದೂ ಬೇಡ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಮಿತಾಕ್ಷರವನ್ನು ಬರೆದ. ಅದು ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ಪಾಲಿನ ವಿಚಾರದಲ್ಲಿ ಬ್ರಿಟಿಷರ ಕೋರ್ಟುಗಳೂ ನೋಡುತ್ತಿದ್ದ ಗ್ರಂಥ. ಪಾಲಾದ ಮೇಲೆ, ಒಬ್ಬರು ಇನ್ನೊಬ್ಬರಿಂದ ಬಚ್ಚಿಟ್ಟಿದ್ದ ಸ್ವತ್ತು ಕಂಡುಬಂದರೆ ಅದನ್ನು ಮತ್ತೆ ಸಮನಾಗಿ ಹಂಚಿಕೊಳ್ಳಬೇಕು ಎಂಬ ವಿಧಿ ಅದರಲ್ಲಿದೆ. ಅದರಲ್ಲಿ ತನ್ನದೂ ಪಾಲಿದೆಯಲ್ಲ ಎಂಬ ಕಾರಣಕ್ಕೆ ಬಚ್ಚಿಡುವುದು ದೋಷವಲ್ಲ ಎನ್ನುವವರನ್ನೂ ವಿಜ್ಞಾನೇಶ್ವರ ಒಪ್ಪುವುದಿಲ್ಲ. ಇದನ್ನು ಓದಿದಾಗ ಮೊದಲು ಸಮಾಧಾನವಾಯಿತು. ನಾನೇನೂ ಬಚ್ಚಿಟ್ಟಿರಲಿಲ್ಲವಲ್ಲ. ಸರ ಎಲ್ಲರ ಕಣ್ಣಮುಂದೆಯೇ ಇತ್ತು, ಅದರ ಬೆಲೆ ತಾನೇ ಅಡಗಿತ್ತು. ಮರುದಿನ ಬೆಳಿಗ್ಗೆ ಮತ್ತೆ ಯೋಚಿಸಿದೆ. ವರದಿ ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ತಿಂಗಳಿಂದ ಇತ್ತು. ಪಾಲಿನ ದಿನ ನಾನು ಬಚ್ಚಿಟ್ಟಿರಲಿಲ್ಲ, ಈ ಎರಡು ತಿಂಗಳು ಬಚ್ಚಿಟ್ಟಿದ್ದೆ.

ಅಕ್ಕನಿಗೆ ಹೇಳುವ ಮುಂಚೆ ಅಮ್ಮನಿಗೆ ಹೇಳಬೇಕಿತ್ತು. ಭಾನುವಾರ ಅಮ್ಮ ದಂಟಿನ ಸೊಪ್ಪು ಬಿಡಿಸುತ್ತಾ ಕೂತಿದ್ದರು. ವರದಿಯ ಚಿತ್ರ ತೋರಿಸಿ ಎಲ್ಲ ವಿವರಿಸಿದೆ. ಎಪ್ಪತ್ತೆಂಟರ ವಿಷಯಕ್ಕೆ ಹೂಂ ಅಂದರು. ರಾಮೇಶ್ವರದ ಮಣಿಯ ವಿಷಯ ಕೇಳಿ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟರು. ಒಂಬತ್ತು ಕಲ್ಚರ್ಡ್ ಅಂತೆ ಎಂದೆ.

"ಅದು ನಂಗೊತ್ತು" ಅಂದರು. "ನಿನ್ನ ಇಂಜಿನಿಯರಿಂಗ್ ಸೀಟಿಗೆ ದುಡ್ಡು ಕಟ್ಟೋಕೆ ನಿಮ್ಮಪ್ಪ ತೆಗೆಸಿದ್ರು. ಸರ ಖಾಲಿ ಕಾಣಬಾರ್ದು ಅಂತ ಅದೇ ಅಳತೆಯವು ಹಾಕಿಸ್ಕೊಂಡು ಬಂದ್ರು."

1997. ನನಗೆ ಪೇಮೆಂಟ್ ಸೀಟು ಸಿಕ್ಕ ವರ್ಷ. ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿದರು ಎಂದು ನಾನು ತಿಳಿದಿದ್ದೆ. ಅಕ್ಕ ಬಿ.ಕಾಂ. ಮುಗಿಸಿದ ವರ್ಷವೂ ಅದೇ. ಬಿ.ಎಡ್. ಮಾಡಿ ಟೀಚರ್ ಆಗಬೇಕು ಎಂದು ಅವಳಿಗಿತ್ತು. ಈಗ ಮನೆ ಕಡೆ ಕಷ್ಟ, ಮುಂದೆ ನೋಡೋಣ ಎಂದು ಅಪ್ಪ ಅಂದದ್ದು, ಮರುವರ್ಷ ಅವಳಿಗೆ ಮದುವೆಯಾದದ್ದು ನನಗೆ ನೆನಪಿದೆ. ತೂಕದಲ್ಲಿ ಕಾಲು, ಬೆಲೆಯಲ್ಲಿ ಅರ್ಧ ಎಂದು ನಾನು ಖುಷಿಯಿಂದ ಲೆಕ್ಕ ಹಾಕಿದ್ದ ಆ ಒಂಬತ್ತು ಮುತ್ತು ನಾನೇ ಆಗಿದ್ದೆ.

ಅಂದು ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. ವರದಿ, ವ್ಯಾಪಾರಿಗಳು ಹೇಳಿದ ಮೂರು ಅಂಕಿ, ನನ್ನ ನಾಲ್ಕು ಲಕ್ಷ ನಲವತ್ತು ಸಾವಿರ, ಎರಡು ತಿಂಗಳು ಹೇಳದೆ ಇದ್ದದ್ದು, ಕೊನೆಗೆ ಒಂಬತ್ತು ಮುತ್ತು. ಅವಳು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಒಂಬತ್ತರದ್ದು ನಂಗೆ ಗೊತ್ತಿತ್ತು ಕಣೋ. ಅಪ್ಪನ ಜೊತೆ ಅಂಗಡಿಗೆ ಹೋಗಿದ್ದು ನಾನೇ."

ನಾನು ಏನೂ ಹೇಳಲಿಲ್ಲ.

"ಪಾಲು ಮಾಡೋವಾಗ ಅಮ್ಮ ನಿಂಗೆ ಹತ್ತು ಗ್ರಾಂ ಬದಲು ಆ ಸರ ಅಂದ್ರಲ್ಲ, ಆವಾಗ ಹೇಳ್ಬೇಕಿತ್ತು ನಾನು. ನಡೂಗೆ ಇರೋದು ಒಳ್ಳೇ ಮುತ್ತಲ್ಲ, ಇದಕ್ಕೆ ಅಷ್ಟು ಬೆಲೆ ಇಲ್ಲ ಅಂತ. ಹೇಳ್ಲಿಲ್ಲ. ಇವನಿಗೋಸ್ಕರ ಹೋಗಿದ್ದು ಇವನ ಲೆಕ್ಕಕ್ಕೇ ಬರ್ಲಿ ಅಂತ ಅನ್ನಿಸ್ತು. ಐದು ವರ್ಷದಿಂದ ಅದು ಮನಸ್ಸಲ್ಲಿ ಇತ್ತು."

ಒಬ್ಬರು ಇನ್ನೊಬ್ಬರಿಂದ ಬಚ್ಚಿಟ್ಟಿದ್ದು ಎಂಬ ವಿಜ್ಞಾನೇಶ್ವರನ ಮಾತು ಆಗ ಸರಿಯಾಗಿ ತಿಳಿಯಿತು. ಪಾಲಿನ ದಿನ ಅವಳಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಈಗ ನನಗೆ ಗೊತ್ತಾದದ್ದನ್ನು ಅವಳಿಂದ ಇಟ್ಟುಕೊಂಡಿದ್ದೆ. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಇಬ್ಬರೂ ತಕ್ಕಡಿಯ ಒಂದೊಂದು ತಟ್ಟೆಗೆ ಬೆರಳು ತಾಗಿಸಿದ್ದೆವು.

ಅರ್ಧ ದುಡ್ಡು ನಿನಗೆ ಕಳಿಸುತ್ತೇನೆ, ಸರ ನನ್ನ ಹತ್ತಿರ ಇರಲಿ, ಇಲ್ಲವೇ ಮಾರಿ ಹಂಚಿಕೊಳ್ಳೋಣ ಎಂದೆ. ನನ್ನ ದನಿಯಲ್ಲಿ ಲೆಕ್ಕ ಚುಕ್ತಾ ಮಾಡುವವನ ನಿರಾಳ ಇದ್ದಿರಬೇಕು. ಅವಳು ಕೇಳಿದಳು.

"ಬಿ.ಎಡ್.ದು ಎಷ್ಟಾಗುತ್ತೆ ಅಂತ ಲೆಕ್ಕ ಹಾಕಿದ್ಯಾ?"

ಕೋಪ ಇರಲಿಲ್ಲ ಆ ಮಾತಿನಲ್ಲಿ. ನಿಜವಾಗಿ ಕೇಳಿದಂತೆಯೇ ಇತ್ತು. ನನ್ನ ಹತ್ತಿರ ಅದಕ್ಕೆ ಮೂರು ಅಂದಾಜು ಇರಲಿಲ್ಲ, ಒಂದೂ ಇರಲಿಲ್ಲ.

ಇದಾಗಿ ಒಂದು ವರ್ಷದ ಮೇಲಾಯಿತು. ಅಂದಿನಿಂದ ನನಗೆ ಸ್ವಲ್ಪ ಸ್ಪಷ್ಟವಾಗಿರುವುದು ಇಷ್ಟು. ಬೆಲೆ ವಸ್ತುವಿನಲ್ಲಿ ಇಲ್ಲದಿರಬಹುದು, ಮಾರುಕಟ್ಟೆಯ ಮಾತಿನಲ್ಲೇ ಇರಬಹುದು. ಆದರೂ ಪಾಲು ಎಂಬುದು ನ್ಯಾಯವಾಗುವುದು ಎರಡೂ ತಟ್ಟೆ ಸಮ ತೂಗಿದಾಗ ಅಲ್ಲ. ತೂಗುವ ಇಬ್ಬರಿಗೂ ತಟ್ಟೆಯಲ್ಲಿ ಇರುವುದು ಏನೆಂದು ಗೊತ್ತಿದ್ದಾಗ. ಇಬ್ಬರಿಗೂ ಗೊತ್ತಿದ್ದು ಒಬ್ಬರು ಕಡಿಮೆ ತೆಗೆದುಕೊಂಡರೆ ಅದು ಪ್ರೀತಿಯಿಂದ ಇರಬಹುದು. ಗೊತ್ತಿಲ್ಲದೆ ಕಡಿಮೆ ತೆಗೆದುಕೊಂಡವರ ಪ್ರೀತಿಯನ್ನು ಹೊಗಳುವ ಹಕ್ಕು ಹೆಚ್ಚು ಪಡೆದವನಿಗಿಲ್ಲ. ನಮ್ಮ ಮನೆಗಳಲ್ಲಿ ಅಕ್ಕತಂಗಿಯರ ಬಗ್ಗೆ ಅವಳು ಎಂದೂ ಏನೂ ಕೇಳಿದವಳಲ್ಲ ಎಂದು ಹೆಮ್ಮೆಯಿಂದ ಹೇಳುತ್ತೇವೆ. ಕೇಳಲು ಏನಿದೆ ಎಂದು ಅವರಿಗೆ ಯಾರಾದರೂ ಹೇಳಿದ್ದರೇ ಎಂದು ಯೋಚಿಸುವುದಿಲ್ಲ. ಅಕ್ಕನಿಗೆ ಗೊತ್ತಿತ್ತು, ಹದಿನೆಂಟರ ನನಗೆ ಗೊತ್ತಿರಲಿಲ್ಲ. ಗೊತ್ತಾಗದಂತೆ ನೋಡಿಕೊಂಡದ್ದು ಅಪ್ಪನ ಮಮತೆ ಇರಬಹುದು. ಅದರ ಖರ್ಚು ಅಪ್ಪನೊಬ್ಬರ ಮೇಲೆ ಬೀಳಲಿಲ್ಲ.

ಊರುಬಿಟ್ಟು ಬಂದು ಈ ನಗರಗಳಲ್ಲಿ ಮನೆ ಕೊಂಡ ನಮ್ಮಂಥ ಹಲವರ ಸಂಬಳದ ಹಿಂದೆ ಇಂಥದ್ದೇನೋ ಇರುತ್ತದೆ. ಒಂದು ತುಂಡು ಗದ್ದೆ, ಯಾರದೋ ಬಳೆ, ಯಾರೋ ಓದದೆ ಬಿಟ್ಟ ಒಂದು ಕೋರ್ಸು. ಅವನ್ನೆಲ್ಲ ಎಕ್ಸ್‌ರೇ ಮಾಡಿಸುವ ಪ್ರಯೋಗಾಲಯ ಇಲ್ಲ. ಮನೆಯಲ್ಲಿ ಇನ್ನೂ ಇರುವ ಹಿರಿಯರನ್ನು ಕೇಳಬಹುದು, ಅಷ್ಟೇ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ನಮ್ಮ ಗಾದೆ ಎಚ್ಚರಿಸುತ್ತದೆ. ಇಷ್ಟು ವರ್ಷ ಅದನ್ನು ಬಾಯಿ ಮುಚ್ಚಿಕೊಂಡಿರಲು ಹೇಳಿದ ಬುದ್ಧಿಮಾತು ಎಂದುಕೊಂಡಿದ್ದೆ. ಆಡದೆ ಉಳಿದ ಮಾತಿನಿಂದಲೂ ಹೋಗುವುದು ಇರುತ್ತದೆ.

ಅಕ್ಕ ದುಡ್ಡು ತೆಗೆದುಕೊಂಡಳು, ಪೂರ್ತಿ ಅರ್ಧ. ಬೇಡ ಎನ್ನುತ್ತಾಳೆ ಎಂದು ನಾನು ಒಳಗೊಳಗೇ ಎಣಿಸಿದ್ದೆ, ಅವಳು ಹಾಗೆನ್ನಲಿಲ್ಲ. ನನಗೆ ಅದೇ ಸರಿ ಅನ್ನಿಸಿತು. ಬೆಲೆಯೇ ಇಲ್ಲದ ರಾಮೇಶ್ವರದ ಮಣಿಯನ್ನೂ ಕೇಳಿದಳು, ಕೊಟ್ಟೆ. ಬಿ.ಎಡ್. ಪ್ರಶ್ನೆ ಹಾಗೇ ಇದೆ.

ಕಳೆದ ಬೇಸಿಗೆಯಲ್ಲಿ ಅವಳು ವೇಲಚೇರಿಗೆ ಬಂದಾಗ ಇಬ್ಬರೂ ಸೌಕಾರ್‌ಪೇಟೆಗೆ ಹೋದೆವು. ಹಿರಿಯರು ವರದಿಯನ್ನು ನೋಡಿ, ನಾನು ಅಂದು ವಿಂಗಡಿಸಿದ ಹಾಗೇ ಬಂದಿದೆ ಎಂದು ನಕ್ಕರು. ಒಂಬತ್ತನ್ನು ತೆಗೆದುಬಿಟ್ಟರೆ ಸರ ಪೂರ್ತಿ ನೈಸರ್ಗಿಕ ಆಗುತ್ತದೆ, ಮುಂದೆ ಮಾರುವುದಕ್ಕೆ ಒಳ್ಳೆಯದು, ತೆಗೆಯಲೇ ಎಂದು ಕೇಳಿದರು. ನಾನು ಅಕ್ಕನ ಮುಖ ನೋಡಿದೆ.

"ಇರ್ಲಿ ಬಿಡಿ" ಅಂದಳು. "ಅದು ಇವನ ಸೀಟು."

ಅವರಿಗೆ ಕನ್ನಡ ಅರ್ಥವಾಗಲಿಲ್ಲ. ಒಂಬತ್ತನ್ನೂ ನಡುವೆ ಇಟ್ಟು, ಪ್ರತಿ ಮುತ್ತಿನ ಪಕ್ಕ ಒಂದೊಂದು ಗಂಟು ಹಾಕುತ್ತಾ ಪೋಣಿಸಿ ಕೊಟ್ಟರು.